ಅಣು ತ್ಯಾಜ್ಯಕ್ಕೆ ಗಾಜಿನ ಬೀಗ: ಕೋಲಾರದವರು ಕೇಳಬೇಕಾದ ಪ್ರಶ್ನೆ ಯಾವುದು?

2012ರ ನವೆಂಬರ್ ನಮ್ಮ ಜಿಲ್ಲೆಯವರಿಗೆ ನೆನಪಿರಬಹುದು. ಕೂಡಂಕುಳಂ ಅಣು ವಿದ್ಯುತ್ ಸ್ಥಾವರದ ವಿಚಾರಣೆ ಸುಪ್ರೀಂ ಕೋರ್ಟ್‌ನಲ್ಲಿ ನಡೀತಿತ್ತು. ಆಗ ಅಣು ತ್ಯಾಜ್ಯವನ್ನ ಕೆಜಿಎಫ್‌ನ ಮುಚ್ಚಿದ ಚಿನ್ನದ ಗಣಿಗಳಲ್ಲಿ ಇಡುವ ಮಾತು ಕೇಂದ್ರದ ಕಡೆಯಿಂದ ಬಂತು. ಕೆಜಿಎಫ್, ಕೋಲಾರದಲ್ಲಿ ಪ್ರತಿಭಟನೆಗಳಾದವು. ಅಂಥ ಯೋಜನೆ ಇಲ್ಲ ಅನ್ನೋ ಸ್ಪಷ್ಟನೆ ಆಮೇಲೆ ಬಂತು.

ಅವತ್ತು ‘ಎಲ್ಲಿ ಇಡ್ತಾರೆ’ ಅನ್ನೋ ಪ್ರಶ್ನೆಯೇ ದೊಡ್ಡದಾಗಿತ್ತು. ಇವತ್ತು ಇನ್ನೊಂದು ಪ್ರಶ್ನೆ ಕೇಳೋಣ: ಯಾವ ರೂಪದಲ್ಲಿ ಇಡ್ತಾರೆ? ಉತ್ತರ, ಗಾಜು. ಈ ಗಾಜಿನ ಮೇಲೆ ಪಿಎಚ್‌ಡಿ ಮಾಡುವವರು ಪ್ರಯೋಗಾಲಯಗಳಲ್ಲಿ ಇಂಟರ್ನ್‌ಶಿಪ್ ಮಾಡ್ತಾರೆ. ಅವರ ಕೆಲಸ ಏನು ಅಂತ ನೋಡಿದರೆ ವಿಷಯ ಅರ್ಥವಾಗುತ್ತೆ.

ಗಾಜೇ ಯಾಕೆ?

ರಿಯಾಕ್ಟರ್‌ನಲ್ಲಿ ಉರಿದ ಇಂಧನದಿಂದ ಯುರೇನಿಯಂ, ಪ್ಲುಟೋನಿಯಂ ಬೇರ್ಪಡಿಸಿದ ಮೇಲೆ ತೀವ್ರ ವಿಕಿರಣದ ಆಮ್ಲೀಯ ದ್ರವ ಉಳಿಯುತ್ತೆ. ದ್ರವ ಸೋರಬಹುದು, ಹರಿಯಬಹುದು. ಅದಕ್ಕೇ ಅದನ್ನ ಒಣಗಿಸಿ, ಗಾಜಿನ ಕಚ್ಚಾವಸ್ತುಗಳ ಜೊತೆ ಸುಮಾರು ಸಾವಿರ ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ, ಸ್ಟೀಲ್ ಡಬ್ಬಿಗೆ ಸುರಿದು ಗಟ್ಟಿ ಮಾಡ್ತಾರೆ. ಭಾರತದಲ್ಲಿ ತಾರಾಪುರ, ಟ್ರಾಂಬೆ, ಕಲ್ಪಾಕ್ಕಂನಲ್ಲಿ ಇದಕ್ಕೆ ಘಟಕಗಳಿವೆ.

ಚಿಕ್ಕಿಯಲ್ಲಿ ಕಡಲೆಬೀಜ ಬೆಲ್ಲದ ಪಾಕದೊಳಗೆ ಬೇರೆಯಾಗೇ ಕಾಣುತ್ತಲ್ಲ, ಇಲ್ಲಿ ಹಾಗಲ್ಲ. ಸೀಸಿಯಂ, ಸ್ಟ್ರಾನ್ಷಿಯಂನಂಥ ಧಾತುಗಳು ಪಾಕದಲ್ಲೇ ಕರಗಿ ಗಾಜಿನ ಭಾಗವಾಗ್ತವೆ. ಸ್ಫಟಿಕದಲ್ಲಿ ಪರಮಾಣುಗಳಿಗೆ ನಿಗದಿತ ಜಾಗ ಇರುತ್ತೆ. ಗಾಜಿನ ರಚನೆ ಅಷ್ಟು ಕಟ್ಟುನಿಟ್ಟಲ್ಲ, ಹಾಗಾಗಿ ಬೇರೆ ಬೇರೆ ಗಾತ್ರದ ಹಲವು ಧಾತುಗಳು ಒಟ್ಟಿಗೆ ಕೂರಬಹುದು.

ಇಂಟರ್ನ್ ಏನು ಮಾಡ್ತಾರೆ?

ಸಾಮಾನ್ಯವಾಗಿ ಅವರು ನಿಜವಾದ ತ್ಯಾಜ್ಯ ಮುಟ್ಟೋದಿಲ್ಲ. ವಿಕಿರಣವಿಲ್ಲದ ಸೀಸಿಯಂ, ಸ್ಟ್ರಾನ್ಷಿಯಂ ಬಳಸಿ ನಕಲಿ ತ್ಯಾಜ್ಯ ತಯಾರಿಸ್ತಾರೆ. ಪುಡಿಗಳನ್ನ ತೂಗಿ, ಪ್ಲಾಟಿನಂ ಮೂಸೆಯಲ್ಲಿ ಹಾಕಿ, ಕುಲುಮೆಯಲ್ಲಿ ಕರಗಿಸಿ ಗಾಜು ಮಾಡ್ತಾರೆ. ಎಲ್ಲವೂ ಕರಗಿತಾ, ಏನಾದರೂ ಬೇರೆಯಾಗಿ ನಿಂತಿತಾ ಅಂತ ನೋಡ್ತಾರೆ.

ಇದು ಸಣ್ಣ ವಿಷಯ ಅಲ್ಲ. ಟ್ರಾಂಬೆಯ ಹಳೆ ತ್ಯಾಜ್ಯದಲ್ಲಿ ಸಲ್ಫೇಟ್ ಜಾಸ್ತಿ ಇತ್ತು. ಸಲ್ಫೇಟ್ ಸಾಮಾನ್ಯ ಬೋರೋಸಿಲಿಕೇಟ್ ಗಾಜಿನಲ್ಲಿ ಸ್ವಲ್ಪವೇ ಕರಗುತ್ತೆ. ಉಳಿದದ್ದು ಹಳದಿ ಪದರವಾಗಿ ಬೇರೆಯಾಗುತ್ತೆ, ಆ ಪದರ ನೀರಲ್ಲಿ ಸುಲಭವಾಗಿ ಕರಗುತ್ತೆ, ಜೊತೆಗೆ ಸೀಸಿಯಂ ಕೂಡ ಹೋಗುತ್ತೆ. ಭಾಭಾ ಅಣು ಸಂಶೋಧನಾ ಕೇಂದ್ರ ಇದಕ್ಕೆ ಬೇರಿಯಂ ಸೇರಿಸಿದ ಬೋರೋಸಿಲಿಕೇಟ್ ಗಾಜು ರೂಪಿಸಿತು.

ಆಮೇಲೆ ನೀರಿನ ಪರೀಕ್ಷೆ. ಗಾಜನ್ನ ಪುಡಿ ಮಾಡಿ, 90 ಡಿಗ್ರಿ ನೀರಿನಲ್ಲಿ 7 ದಿನ ಇಡೋದು ಒಂದು ಪ್ರಮಾಣಿತ ವಿಧಾನ. ಕೊನೆಗೆ ನೀರಲ್ಲಿ ಎಷ್ಟು ಬೋರಾನ್ ಬಂದಿದೆ ಅಂತ ಅಳೀತಾರೆ. ಬೋರಾನ್ ಹೊರಬಂದಷ್ಟು ಗಾಜು ಸವೆದಿದೆ ಅಂತ ಲೆಕ್ಕ.

ನೀರಿನ ಬಗ್ಗೆ ಇಷ್ಟು ತಲೆಬಿಸಿ ಯಾಕೆ?

ಹೋಳೂರು, ಶ್ರೀನಿವಾಸಪುರದ ಕಡೆಯವರಿಗೆ ಇದನ್ನ ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ನಮ್ಮ ಬೋರ್‌ವೆಲ್ ನೀರಿಗೆ ಫ್ಲೋರೈಡ್ ಎಲ್ಲಿಂದ ಬಂತು? ಆಳದ ಬಂಡೆಯಲ್ಲಿರೋ ಖನಿಜಗಳನ್ನ ನೀರು ನಿಧಾನವಾಗಿ ಕರಗಿಸಿಕೊಂಡು ಬಂತು. ಬಂಡೆಯನ್ನೇ ಬಿಡದ ನೀರು ಗಾಜನ್ನ ಬಿಡುತ್ತಾ? ಬಿಡಲ್ಲ. ಆದರೆ ಗಾಜು ಸವೆಯುವಾಗ ಮೇಲ್ಮೈಯಲ್ಲಿ ಜೆಲ್‌ನಂಥ ಪದರ ಬೆಳೆದು ಸವೆತದ ವೇಗ ತಗ್ಗುತ್ತೆ. ಎಷ್ಟು ತಗ್ಗುತ್ತೆ, ಎಷ್ಟು ಕಾಲ ಹಾಗೇ ಇರುತ್ತೆ ಅನ್ನೋದೇ ಸಂಶೋಧನೆಯ ತಿರುಳು.

ಯಾಕಂದ್ರೆ ಕಾಲದ ಲೆಕ್ಕ ದೊಡ್ಡದು. ಸೀಸಿಯಂ-137ರ ಅರ್ಧಾಯುಷ್ಯ ಸುಮಾರು 30 ವರ್ಷ. 300 ವರ್ಷದಲ್ಲಿ ಅದು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತೆ. ನೆಪ್ಚೂನಿಯಂ-237ಕ್ಕೆ 20 ಲಕ್ಷ ವರ್ಷಕ್ಕೂ ಹೆಚ್ಚು. 7 ದಿನದ ಪರೀಕ್ಷೆಯಿಂದ ಅಷ್ಟು ದೂರದ ಮಾತು ಹೇಳೋಕಾಗಲ್ಲ. ಅದಕ್ಕೇ ಫ್ರಾನ್ಸ್‌ನ ವಿಜ್ಞಾನಿಗಳು ಸುಮಾರು 1,800 ವರ್ಷ ಸಮುದ್ರದಲ್ಲಿ ಮುಳುಗಿದ್ದ ರೋಮನ್ ಹಡಗಿನ ಗಾಜನ್ನ ಪರೀಕ್ಷಿಸಿ, ತಮ್ಮ ಲೆಕ್ಕಾಚಾರಕ್ಕೆ ತಾಳೆ ನೋಡಿದರು.

ಹಾಗಾದ್ರೆ ಕೆಜಿಎಫ್?

1980ರ ದಶಕದಲ್ಲಿ ಕೆಜಿಎಫ್‌ನಲ್ಲಿ ಸುಮಾರು 1,000 ಮೀಟರ್ ಆಳದಲ್ಲಿ ಒಂದು ಪ್ರಯೋಗ ನಡೆದಿತ್ತು. ಅಲ್ಲಿಟ್ಟಿದ್ದು ತ್ಯಾಜ್ಯವಲ್ಲ, ಹೀಟರ್. ಗಾಜಿನ ಡಬ್ಬಿ ದಶಕಗಳ ಕಾಲ ತಾನೇ ಬಿಸಿ ಉಗುಳುತ್ತೆ, ಆ ಬಿಸಿಗೆ ಬಂಡೆ ಹೇಗೆ ವರ್ತಿಸುತ್ತೆ ಅಂತ ನೋಡೋದು ಉದ್ದೇಶ. 2001ರಲ್ಲಿ ಗಣಿ ಮುಚ್ಚಿತು, ಪಂಪ್‌ಗಳು ನಿಂತವು, ಸುರಂಗಗಳಲ್ಲಿ ನೀರು ತುಂಬಿತು. ಗಾಜಿಗೆ ನೀರೇ ಶತ್ರು ಅಂತ ಈಗ ನಮಗೆ ಗೊತ್ತು. ಹಾಗಾಗಿ ಮುಂದೆ ಎಲ್ಲೇ ಇಂಥ ಮಾತು ಬರಲಿ, ಮೂರು ಪ್ರಶ್ನೆ ಕೇಳಿ: ಗಾಜು ಯಾವುದು, ನೀರು ಎಷ್ಟು, ಪರೀಕ್ಷೆ ಎಷ್ಟು ಕಾಲ?

ಎಂಎಸ್ಸಿ ಓದ್ತಿರೋ ನಮ್ಮ ಹುಡುಗ ಹುಡುಗಿಯರಿಗೂ ಒಂದು ಮಾತು. ಗಾಜಿನ ಸಂಶೋಧನೆಗೆ ಕೋಲ್ಕತ್ತದ ಕೇಂದ್ರೀಯ ಗಾಜು ಮತ್ತು ಸಿರಾಮಿಕ್ ಸಂಶೋಧನಾ ಸಂಸ್ಥೆ ಇದೆ. ಬೆಂಗಳೂರಿನ ಐಐಎಸ್ಸಿಯಲ್ಲಿ ಪ್ರೊ. ಕೆ.ಜೆ. ರಾವ್ ದಶಕಗಳ ಕಾಲ ಗಾಜಿನ ರಚನೆಯ ಬಗ್ಗೆ ಕೆಲಸ ಮಾಡಿದ್ದಾರೆ. ಈ ಪ್ರಶ್ನೆಗಳಿಗೆ ಉತ್ತರ ಹುಡುಕುವವರಲ್ಲಿ ಕೋಲಾರದವರೂ ಇರಲಿ.