ಸ್ಟೆಲ್ಲರ್ ಕಡಲಹಸುವಿನ ಅಳಿವಿಗೆ ಕಾರಣಗಳು

ಸ್ಟೆಲ್ಲರ್ ಕಡಲಹಸು ಉತ್ತರ ಪೆಸಿಫಿಕ್ ಸಾಗರದಲ್ಲಿ ವಾಸಿಸುತ್ತಿದ್ದ, ಈಗ ಅಳಿದುಹೋಗಿರುವ ಬೃಹತ್ ಸಸ್ಯಾಹಾರಿ ಸಸ್ತನಿ. ಇದರ ವೈಜ್ಞಾನಿಕ ಹೆಸರು ಹೈಡ್ರೊಡಮಾಲಿಸ್ ಗಿಗಾಸ್. ಸುಮಾರು 8 ಮೀಟರ್ ಉದ್ದ ಬೆಳೆಯುತ್ತಿದ್ದ ಈ ಪ್ರಾಣಿಯನ್ನು ನಿಸರ್ಗವಿಜ್ಞಾನಿ ಗಿಯೋರ್ಗ್ ಸ್ಟೆಲ್ಲರ್ 1741ರಲ್ಲಿ ಬೇರಿಂಗ್ ದ್ವೀಪದಲ್ಲಿ ಕಂಡನು. ಕೇವಲ 27 ವರ್ಷಗಳಲ್ಲಿ, 1768ರ ವೇಳೆಗೆ, ಅದು ಅಳಿಯಿತು.

ಬೇಟೆ: ಇದು ಪ್ರಮುಖ ಕಾರಣವೆಂದು ಪರಿಗಣಿಸಲಾಗಿದೆ. ತುಪ್ಪಳದ ವ್ಯಾಪಾರಕ್ಕಾಗಿ ಬಂದ ರಷ್ಯನ್ನರು ಇದನ್ನು ಮಾಂಸಕ್ಕಾಗಿ ಕೊಂದರು. ನಿಧಾನವಾಗಿ ಚಲಿಸುತ್ತ ದಡದ ಸಮೀಪದಲ್ಲೇ ಮೇಯುತ್ತಿದ್ದುದರಿಂದ ಅದು ಸುಲಭವಾಗಿ ಬಲಿಯಾಯಿತು. ಗಾಯಗೊಂಡು ತಪ್ಪಿಸಿಕೊಂಡ ಅನೇಕ ಪ್ರಾಣಿಗಳು ಕಡಲಲ್ಲೇ ಸತ್ತು ವ್ಯರ್ಥವಾದವು.

ಆಹಾರದ ಕೊರತೆ: ತುಪ್ಪಳಕ್ಕಾಗಿ ಕಡಲ ನೀರುನಾಯಿಗಳನ್ನು ಕೊಂದಾಗ ಅವುಗಳ ಆಹಾರವಾಗಿದ್ದ, ಮೈತುಂಬ ಮುಳ್ಳಿರುವ ಸೀ ಅರ್ಚಿನ್‌ಗಳು ಹೆಚ್ಚುತ್ತವೆ. ಅವು ಕಡಲಹಸುವಿನ ಮುಖ್ಯ ಆಹಾರವಾದ ಕೆಲ್ಪ್ ಎಂಬ ಕಡಲಕಳೆಯನ್ನು ತಿಂದು ಬರಿದುಮಾಡಿರಬಹುದೆಂಬುದು ಇನ್ನೊಂದು ವಾದ.

ಪೂರ್ವದ ಕುಸಿತ: ಒಂದು ಕಾಲದಲ್ಲಿ ಜಪಾನಿನಿಂದ ಕ್ಯಾಲಿಫೋರ್ನಿಯಾದವರೆಗೆ ಈ ಪ್ರಾಣಿ ಹರಡಿತ್ತೆಂದು ಪಳೆಯುಳಿಕೆಗಳು ತೋರಿಸುತ್ತವೆ. ಮನುಷ್ಯರು ಆ ಪ್ರದೇಶಕ್ಕೆ ಬರುವ ಮೊದಲೇ ಅದರ ಸಂಖ್ಯೆ ಕುಸಿಯತೊಡಗಿತ್ತೆಂದು ವಂಶವಾಹಿ ಅಧ್ಯಯನಗಳು ಸೂಚಿಸಿವೆ. ಹೀಗಾಗಿ ಬೇಟೆಯು ಆಗಲೇ ಕ್ಷೀಣಿಸಿದ್ದ ಸಂತತಿಗೆ ಬಿದ್ದ ಕೊನೆಯ ಪೆಟ್ಟಾಗಿತ್ತು.

ಇದರ ಹತ್ತಿರದ ಸಂಬಂಧಿಯಾದ ಡುಗಾಂಗ್ ಭಾರತದ ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿ, ಕಛ್ ಕೊಲ್ಲಿ ಹಾಗೂ ಅಂಡಮಾನ್ ಸಮುದ್ರಗಳಲ್ಲಿ ಉಳಿದಿದೆ. ಅದರ ರಕ್ಷಣೆಗಾಗಿ ತಮಿಳುನಾಡು ಸರ್ಕಾರವು 2022ರಲ್ಲಿ ಪಾಕ್ ಕೊಲ್ಲಿಯಲ್ಲಿ ಸಂರಕ್ಷಿತ ಪ್ರದೇಶವನ್ನು ಘೋಷಿಸಿತು.