ಕಡಲ ದತ್ತಾಂಶ: ಅಳತೆಯಿಂದ ಎಚ್ಚರಿಕೆಯವರೆಗೆ ಗ್ರಾಮ ಪಂಚಾಯಿತಿಯ ಪಾತ್ರ

ಕರ್ನಾಟಕದ ಸುಮಾರು 320 ಕಿ.ಮೀ. ಉದ್ದದ ಕಡಲತೀರದಲ್ಲಿ ಉತ್ತರ ಕನ್ನಡ, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಅನೇಕ ಗ್ರಾಮ ಪಂಚಾಯಿತಿಗಳು ಸಮುದ್ರಕ್ಕೆ ಹೊಂದಿಕೊಂಡಿವೆ. ಎತ್ತರದ ಅಲೆಗಳ ಮುನ್ನೆಚ್ಚರಿಕೆ, ಮೀನು ದೊರೆಯಬಹುದಾದ ವಲಯಗಳ ಸೂಚನೆ, ಚಂಡಮಾರುತದ ಮಾಹಿತಿ ಇವೆಲ್ಲ ಈ ಪಂಚಾಯಿತಿಗಳಿಗೆ ಆಗಾಗ ತಲುಪುತ್ತವೆ. ಈ ಸೂಚನೆಗಳ ಹಿಂದಿರುವ ದತ್ತಾಂಶ ಎಲ್ಲಿಂದ ಬರುತ್ತದೆ, ಅದನ್ನು ಹೇಗೆ ಓದಬೇಕು, ಅದಕ್ಕೆ ನಾವು ಏನನ್ನು ಸೇರಿಸಬಹುದು ಎಂಬುದನ್ನು ಚುನಾಯಿತ ಪ್ರತಿನಿಧಿಗಳು ಹಾಗೂ ಸಿಬ್ಬಂದಿಯವರಿಗೆ ವಿವರಿಸುವುದು ಈ ಲೇಖನದ ಉದ್ದೇಶ.

ದತ್ತಾಂಶದ ಮೂಲ

ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು 1999ರಲ್ಲಿ ಸ್ಥಾಪನೆಯಾಯಿತು. ಇನ್‌ಕಾಯಿಸ್ ಎಂದು ಪರಿಚಿತವಾದ ಈ ಸಂಸ್ಥೆ ಕೇಂದ್ರ ಭೂವಿಜ್ಞಾನ ಸಚಿವಾಲಯದ ಅಧೀನದಲ್ಲಿದೆ. 2004ರ ಸುನಾಮಿಯ ನಂತರ ರೂಪುಗೊಂಡ ಸುನಾಮಿ ಮುನ್ನೆಚ್ಚರಿಕೆ ಕೇಂದ್ರವು 2007ರಿಂದ ಇಲ್ಲಿಯೇ ಕಾರ್ಯನಿರ್ವಹಿಸುತ್ತಿದೆ. ಉಬ್ಬರವಿಳಿತ ಮಾಪಕಗಳು, ಉಪಗ್ರಹಗಳು, ಕಾರವಾರದ ಸಮುದ್ರದಲ್ಲಿರುವಂತಹ ಅಲೆಮಾಪಕ ತೇಲುಗೋಳಗಳು ಮತ್ತು 2,000 ಮೀಟರ್ ಆಳದವರೆಗೆ ಇಳಿದು ಹತ್ತು ದಿನಗಳಿಗೊಮ್ಮೆ ಮೇಲೆ ಬರುವ ಆರ್ಗೋ ಉಪಕರಣಗಳು ಅಳೆದ ಅಂಶಗಳು ಅಲ್ಲಿ ಸಂಗ್ರಹವಾಗುತ್ತವೆ.

ಬಂದ ಅಂಕಿಗಳನ್ನೆಲ್ಲ ಹಾಗೆಯೇ ಸ್ವೀಕರಿಸುವುದಿಲ್ಲ. ಪ್ರತಿಯೊಂದನ್ನೂ ಪರಿಶೀಲಿಸಿ ಗುಣಮಟ್ಟದ ಗುರುತನ್ನು ನೀಡಲಾಗುತ್ತದೆ. ಆರ್ಗೋ ಪದ್ಧತಿಯಲ್ಲಿ 1 ಎಂದರೆ ಉತ್ತಮ, 4 ಎಂದರೆ ದೋಷಯುಕ್ತ, 9 ಎಂದರೆ ಅಳತೆ ಲಭ್ಯವಿಲ್ಲ. ಸಂಶಯಾಸ್ಪದ ಅಂಕಿಯನ್ನು ಅಳಿಸುವುದಿಲ್ಲ. ಗುರುತು ಹಾಕಿ ಉಳಿಸಿಕೊಳ್ಳಲಾಗುತ್ತದೆ. ಕಡತ ನಿರ್ವಹಣೆಯಲ್ಲಿ ಒಮ್ಮೆ ಬರೆದದ್ದನ್ನು ಉಜ್ಜದೆ, ಷರಾ ಬರೆದು ತಿದ್ದುವ ನಿಯಮ ನಮಗೆ ಪರಿಚಿತವೇ. ಇಲ್ಲಿನ ತತ್ವವೂ ಅದೇ.

ಅಂಕಿಯನ್ನು ಓದುವಾಗ ಗಮನಿಸಬೇಕಾದ ನಾಲ್ಕು ಅಂಶಗಳು

ಮೊದಲನೆಯದು, ಅಲೆಯ ಎತ್ತರ. ಎಚ್ಚರಿಕೆಯಲ್ಲಿ '2.5 ಮೀಟರ್' ಎಂದಿದ್ದರೆ ಅದು ಗರಿಷ್ಠ ಎತ್ತರವಲ್ಲ. ನಿರ್ದಿಷ್ಟ ಅವಧಿಯಲ್ಲಿ ಬಂದ ಅಲೆಗಳ ಪೈಕಿ ಅತಿ ಎತ್ತರದ ಮೂರನೇ ಒಂದು ಭಾಗದ ಸರಾಸರಿಯನ್ನು ಆ ಅಂಕಿ ಸೂಚಿಸುತ್ತದೆ. ಅದೇ ಸಮುದ್ರದಲ್ಲಿ ಬಿಡಿ ಅಲೆಯೊಂದು ಸುಮಾರು 4.5 ಮೀಟರಿನವರೆಗೂ ಏಳಬಹುದು. ನಾಡದೋಣಿಯವರಿಗೆ ಸೂಚನೆ ನೀಡುವಾಗ ಈ ವ್ಯತ್ಯಾಸವನ್ನು ತಪ್ಪದೇ ತಿಳಿಸಬೇಕು.

ಎರಡನೆಯದು, ಸಮಯ. ಅಂತರರಾಷ್ಟ್ರೀಯ ದತ್ತಾಂಶಗಳಲ್ಲಿ ಬಳಸುವ ಜಾಗತಿಕ ಕಾಲಮಾನಕ್ಕಿಂತ ಭಾರತೀಯ ಕಾಲಮಾನ 5 ಗಂಟೆ 30 ನಿಮಿಷ ಮುಂದಿದೆ. ಜಾಗತಿಕ ಕಾಲಮಾನದಲ್ಲಿ 10ನೇ ತಾರೀಖಿನ 20:30 ಗಂಟೆ ಎಂದರೆ ನಮ್ಮಲ್ಲಿ 11ನೇ ತಾರೀಖಿನ ಬೆಳಗಿನ ಜಾವ 2 ಗಂಟೆ. ದಿನಾಂಕವೇ ಬದಲಾಗುವುದರಿಂದ, ಯಾವ ಕಾಲಮಾನ ಎಂಬುದನ್ನು ನೋಡದೆ ಸೂಚನೆಯನ್ನು ಮುಂದೆ ಕಳುಹಿಸಬಾರದು.

ಮೂರನೆಯದು, ಸ್ಥಳ. ಅಕ್ಷಾಂಶವನ್ನು ಡಿಗ್ರಿ-ನಿಮಿಷಗಳಲ್ಲಿಯೂ ದಶಮಾಂಶದಲ್ಲಿಯೂ ಬರೆಯುವ ರೂಢಿ ಇದೆ. ಕಾರವಾರದ ಅಕ್ಷಾಂಶ 14 ಡಿಗ್ರಿ 48 ನಿಮಿಷ. ದಶಮಾಂಶದಲ್ಲಿ ಅದು 14.80. ಇದನ್ನೇ 14.48 ಎಂದು ನಮೂದಿಸಿದರೆ ಸ್ಥಳವು ಸುಮಾರು 35 ಕಿ.ಮೀ. ದಕ್ಷಿಣಕ್ಕೆ ಸರಿದು, ಗೋಕರ್ಣವನ್ನೂ ದಾಟಿ ಕುಮಟಾದ ಸಮೀಪಕ್ಕೆ ಹೋಗುತ್ತದೆ. ಅಪಾಯದಲ್ಲಿರುವ ದೋಣಿಯ ಸ್ಥಳವನ್ನು ಹೀಗೆ ತಿಳಿಸಿದರೆ ರಕ್ಷಣಾ ತಂಡ ಬೇರೆಡೆ ಹುಡುಕಬೇಕಾಗುತ್ತದೆ.

ನಾಲ್ಕನೆಯದು, ಎತ್ತರದ ಆಧಾರ ಮಟ್ಟ. ಬಂದರಿನ ಉಬ್ಬರದ ಪಟ್ಟಿಯಲ್ಲಿ ನೀರಿನ ಎತ್ತರವನ್ನು ಬಹುತೇಕ ಅತಿ ಕೆಳಗಿನ ಇಳಿತದ ಮಟ್ಟದಿಂದ ಅಳೆದಿರುತ್ತಾರೆ. ಭೂನಕ್ಷೆಗಳಲ್ಲಿ ನೆಲದ ಎತ್ತರವನ್ನು ಸರಾಸರಿ ಸಮುದ್ರ ಮಟ್ಟದಿಂದ ಅಳೆದಿರುತ್ತಾರೆ. ಎರಡನ್ನೂ ಒಂದೇ ಎಂದು ಭಾವಿಸಿ ಅಂದಾಜುಪಟ್ಟಿ ತಯಾರಿಸಿದರೆ ತಡೆಗೋಡೆಯ ಎತ್ತರವೇ ತಪ್ಪಾಗುತ್ತದೆ.

ತೇಲುಗೋಳದ ರಕ್ಷಣೆ

ಗಾಳಿಯಿಲ್ಲದ ದಿನದಲ್ಲಿಯೂ ನೀರು ಏಕಾಏಕಿ ದಡಕ್ಕೆ ನುಗ್ಗುವುದುಂಟು. ದೂರದ ದಕ್ಷಿಣ ಮಹಾಸಾಗರದ ಬಿರುಗಾಳಿಯಿಂದ ಹುಟ್ಟಿದ ಅಲೆಗಳು ಹಲವು ದಿನ ಸಾಗಿ ನಮ್ಮ ತೀರವನ್ನು ಮುಟ್ಟುತ್ತವೆ. ಕೇರಳದ ಮೀನುಗಾರರು ಇದನ್ನು 'ಕಳ್ಳಕ್ಕಡಲ್' ಎನ್ನುತ್ತಾರೆ. ದಡದಲ್ಲಿ ನಿಂತು ಆಕಾಶ ನೋಡಿದರೆ ಇದರ ಸುಳಿವು ಸಿಗುವುದಿಲ್ಲ. ಗಣಕಯಂತ್ರದ ಮುನ್ಸೂಚನೆಯು ಸರಿಯಾಗಿದೆಯೇ ಎಂದು ತಾಳೆ ನೋಡಲು ತೇಲುಗೋಳದ ಅಳತೆಯೇ ಬೇಕು. ಅದಕ್ಕೆ ದೋಣಿ ಕಟ್ಟುವುದು, ಬಲೆ ಸಿಲುಕಿದಾಗ ಸರಪಳಿ ಕಡಿಯುವುದು, ಬಿಡಿಭಾಗಗಳನ್ನು ಕಳಚುವುದು ಇವುಗಳಿಂದ ಅಳತೆ ನಿಂತುಹೋಗುತ್ತದೆ. ಕಳೆದುಹೋದ ದಿನಗಳ ಅಳತೆಯನ್ನು ಯಾವ ಅನುದಾನದಿಂದಲೂ ಮರಳಿ ಪಡೆಯಲಾಗದು. ತೀರಕ್ಕೆ ತೇಲಿಬಂದ ಉಪಕರಣ ಕಂಡುಬಂದಲ್ಲಿ ಅದನ್ನು ಬಿಚ್ಚದೆ ಕರಾವಳಿ ಕಾವಲು ಪೊಲೀಸ್ ಅಥವಾ ಮೀನುಗಾರಿಕೆ ಇಲಾಖೆಗೆ ತಿಳಿಸುವಂತೆ ಗ್ರಾಮಸಭೆಗಳಲ್ಲಿ ತಿಳಿವಳಿಕೆ ನೀಡುವುದು ಅಗತ್ಯ.

ಪಂಚಾಯಿತಿಯ ವಹಿ

ಆಳಸಮುದ್ರದ ಅಳತೆ ಹೈದರಾಬಾದಿನಲ್ಲಿ ದೊರೆಯುತ್ತದೆ. ಆದರೆ ಅಲೆಯು ಯಾವ ಮನೆಯಂಗಳದವರೆಗೆ ಬಂತು, ಯಾವ ಬಾವಿಯ ನೀರು ಉಪ್ಪಾಯಿತು ಎಂಬ ವಿವರ ಗ್ರಾಮದಲ್ಲಿ ಮಾತ್ರ ಇರುತ್ತದೆ. 'ರಸ್ತೆಯವರೆಗೆ ನೀರು ಬಂದಿದೆ' ಎಂಬ ಒಂದು ಸಾಲಿನ ವರದಿಯಿಂದ ಪರಿಹಾರವನ್ನಾಗಲಿ ಕಾಮಗಾರಿಯನ್ನಾಗಲಿ ಸಮರ್ಥಿಸುವುದು ಕಷ್ಟ. ಆದ್ದರಿಂದ ಕಡಲ್ಕೊರೆತಕ್ಕೆ ಪ್ರತ್ಯೇಕ ವಹಿಯನ್ನು ತೆರೆದು ಈ ಕೆಳಗಿನ ವಿವರಗಳನ್ನು ನಮೂದಿಸುವುದು ಸೂಕ್ತ:

1. ದಿನಾಂಕ ಮತ್ತು ಭಾರತೀಯ ಕಾಲಮಾನದಲ್ಲಿ ವೇಳೆ.
2. ಅಕ್ಷಾಂಶ-ರೇಖಾಂಶ, ದಶಮಾಂಶದ ಐದು ಸ್ಥಾನಗಳವರೆಗೆ. ಐದನೇ ಸ್ಥಾನದ ಒಂದು ಅಂಕಿ ಸುಮಾರು ಒಂದು ಮೀಟರಿಗೆ ಸಮ.
3. ಶಾಲೆಯ ಗೋಡೆಯ ಮೂಲೆಯಂತಹ ಸ್ಥಿರ ಗುರುತಿನಿಂದ ನೀರಿನ ಅಂಚಿನವರೆಗಿನ ದೂರ, ಟೇಪಿನಲ್ಲಿ ಅಳೆದು ಮೀಟರುಗಳಲ್ಲಿ.
4. ಅದೇ ಸ್ಥಳದಿಂದ, ಅದೇ ದಿಕ್ಕಿಗೆ ತೆಗೆದ ಛಾಯಾಚಿತ್ರ.
5. ಅಳೆದವರ ಹೆಸರು, ಪದನಾಮ ಮತ್ತು ಅಳತೆಯ ವಿಧಾನ.

ಪ್ರತಿ ಅಮಾವಾಸ್ಯೆ ಮತ್ತು ಹುಣ್ಣಿಮೆಯ ದೊಡ್ಡ ಉಬ್ಬರದ ವೇಳೆ ಅದೇ ಗುರುತಿನಿಂದ ಅಳತೆ ತೆಗೆದುಕೊಂಡಲ್ಲಿ, ಕೆಲವೇ ವರ್ಷಗಳಲ್ಲಿ ತೀರ ಹಿಂದೆ ಸರಿದಿದೆಯೇ ಅಥವಾ ಮಳೆಗಾಲದಲ್ಲಿ ಹೋದ ಮರಳು ಬೇಸಿಗೆಗೆ ಮರಳಿ ಬರುತ್ತಿದೆಯೇ ಎಂಬುದು ಸ್ಪಷ್ಟವಾಗುತ್ತದೆ. ಮೊದಲನೆಯದಕ್ಕೆ ಕಾಮಗಾರಿ ಬೇಕಾಗಬಹುದು; ಎರಡನೆಯದಕ್ಕೆ ಕಲ್ಲು ಸುರಿಯುವುದು ವೃಥಾ ವೆಚ್ಚ.

ಹಂಚಿಕೆಯ ಮಿತಿ

2012ರ ರಾಷ್ಟ್ರೀಯ ದತ್ತಾಂಶ ಹಂಚಿಕೆ ಮತ್ತು ಲಭ್ಯತಾ ನೀತಿಯು ದತ್ತಾಂಶವನ್ನು ಮುಕ್ತ, ನೋಂದಾಯಿತ ಮತ್ತು ನಿರ್ಬಂಧಿತ ಎಂದು ವಿಂಗಡಿಸುತ್ತದೆ. ಪಂಚಾಯಿತಿಯ ಮಟ್ಟದಲ್ಲಿಯೂ ಈ ವಿವೇಚನೆ ಇರಬೇಕು. ತೀರದ ಅಳತೆಗಳನ್ನು ತಾಲ್ಲೂಕು ಮತ್ತು ಜಿಲ್ಲಾ ಕಚೇರಿಗಳಿಗೂ ಸಂಶೋಧಕರಿಗೂ ಮುಕ್ತವಾಗಿ ನೀಡಬಹುದು. ಹಾನಿಗೊಳಗಾದ ಕುಟುಂಬಗಳ ಹೆಸರು ಮತ್ತು ಬ್ಯಾಂಕ್ ವಿವರಗಳು ಆ ಪಟ್ಟಿಯಲ್ಲಿ ಸೇರಬಾರದು. ಮೀನುಗಾರರು ವಿಶ್ವಾಸದಿಂದ ತಿಳಿಸಿದ ಮೀನು ಸಿಗುವ ಜಾಗ ಅವರ ಜೀವನೋಪಾಯ. ಅವರ ಒಪ್ಪಿಗೆಯಿಲ್ಲದೆ ಅದನ್ನು ಪ್ರಕಟಿಸತಕ್ಕದ್ದಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದ್ದು, ಕಡಲ್ಕೊರೆತ ತೀವ್ರವಾಗುವುದೂ ಈ ಅವಧಿಯಲ್ಲಿಯೇ. ದಡದಲ್ಲಿರುವ ಮೀನುಗಾರರ ನೆರವಿನೊಂದಿಗೆ ಅಳತೆಗಳನ್ನು ಕ್ರಮಬದ್ಧವಾಗಿ ಪಡೆಯಲು ಇದು ಅನುಕೂಲಕರ ಸಮಯ. ಮುಂಗಾರಿಗೆ ಮುನ್ನವೇ ಸ್ಥಿರ ಗುರುತುಗಳನ್ನು ಆಯ್ದು, ಬಣ್ಣದಿಂದ ಗುರುತಿಸಿ, ವಹಿಯ ಮೊದಲ ಪುಟದಲ್ಲಿ ನಮೂದಿಸಿಕೊಳ್ಳಬೇಕೆಂದು ತೀರದ ಎಲ್ಲ ಗ್ರಾಮ ಪಂಚಾಯಿತಿಗಳಲ್ಲಿ ವಿನಂತಿ.