ಹಿತ್ತಾಳೆಯ ಗುಣ

ಜಯನಗರ, ಬನಶಂಕರಿಗಳ ಅಡಿಗೆಮನೆಯ ಹಿತ್ತಾಳೆ ಚೊಂಬಿಗೂ ರೈಫಲ್ಲಿನ ತೋಟಾಕ್ಕೂ ಏನು ನಂಟೆಂದು ವಾಚಕರು ಕೇಳಬಹುದು. ಎರಡೂ ತಾಮ್ರ ಸತುಗಳ ಮಕ್ಕಳೇ. ತೋಟಾದ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತುವು.

ಕವಚ, ಕೇಪು, ಮದ್ದು, ಗುಂಡು ಇವು ನಾಲ್ಕು ಸೇರಿ ತೋಟಾ ಆಗುವುದಷ್ಟೆ. ಈಡು ಹಾರಿದೊಡನೆ ಕವಚವು ಉಬ್ಬಿ, ತಾನು ಕುಳಿತ ಗೂಡಿನ ಗೋಡೆಗೆ ಒತ್ತಿಕೊಂಡು, ಬಿಸಿಯ ಅನಿಲವು ಹಿಂದಕ್ಕೆ ಬಾರದಂತೆ ತಡೆಯುತ್ತದೆ. ಈ ಗುಣವನ್ನರಿತ ಅಮೆರಿಕದ ಹವ್ಯಾಸಿಗಳು ರೈಫಲ್ಲಿನ ಗೂಡನ್ನು ತುಸು ಬೇರೆ ಆಕಾರಕ್ಕೆ ಕೊರೆಯಿಸಿ, ಅದರಲ್ಲಿ ಮಾಮೂಲು ತೋಟಾವನ್ನು ಹಾರಿಸುವರು. ಕವಚವು ಹೊಸ ಆಕಾರ ತಳೆದು ಹೊರಬರುವುದು. ಅದಕ್ಕೆ ಮತ್ತೆ ಕೇಪು, ಮದ್ದು, ಗುಂಡು ತುಂಬುವರು. ಕಾರ್ಖಾನೆಗಳ ಪಟ್ಟಿಯಲ್ಲಿಲ್ಲದ ಇಂಥ ತೋಟಾಕ್ಕೆ ‘ವೈಲ್ಡ್‌ಕ್ಯಾಟ್’, ಎಂದರೆ ಕಾಡುಬೆಕ್ಕು, ಎಂದು ಹೆಸರು. ಈ ವಿದ್ಯೆಯಲ್ಲಿ ಪಿ. ಓ. ಆಕ್ಲಿ (1903–1989) ಪ್ರಸಿದ್ಧರು.

ಆದರೆ ಹಿತ್ತಾಳೆಯ ಸಹನೆಗೂ ಮಿತಿಯುಂಟು. ಬಡಿದಷ್ಟೂ ತಗಡು ಬಿರುಸಾಗುವುದೆಂದು ನಮ್ಮ ಕಂಚುಗಾರರು ಬಲ್ಲರು. ಕಾಯಿಸಿ ಮೆತ್ತಗೆ ಮಾಡಿಕೊಂಡೇ ಮತ್ತೆ ಬಡಿಯುವರು. ತೋಟಾದ ಕವಚಕ್ಕೂ ಇದೇ ನ್ಯಾಯ. ಆದರೆ ಅಲ್ಲಿ ಕಾಯಿಸತಕ್ಕದ್ದು ಕೊರಳನ್ನು ಮಾತ್ರ. ಬುಡವು ಮೆತ್ತಗಾದರೆ ಒತ್ತಡ ತಡೆಯಲಾರದೆ ಒಡೆದು, ಬೆಂಕಿಯಂಥ ಅನಿಲವು ಹಾರಿಸಿದವನ ಮುಖಕ್ಕೇ ನುಗ್ಗೀತು.

ಇನ್ನೊಂದು ಶತ್ರು ಅಮೋನಿಯಾ. ಬ್ರಿಟಿಷರ ಕಾಲದಲ್ಲಿ ಈ ದೇಶದ ಕುದುರೆಲಾಯಗಳಲ್ಲಿಟ್ಟ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಬಿರಿಯುತ್ತಿದ್ದುವು. ಲೋಹದೊಳಗೆ ಉಳಿದ ಬಿಗುವೂ ಕುದುರೆಯ ಮೂತ್ರದಿಂದೇಳುವ ಅಮೋನಿಯಾವೂ ಕೂಡಿ ಹೀಗಾಗುವುದೆಂದು 1921ರಲ್ಲಿ ವಿಜ್ಞಾನಿಗಳು ವಿವರಿಸಿದರು. ಆದುದರಿಂದ ಗೃಹಿಣಿಯರು ಹಿತ್ತಾಳೆಯ ಪಾತ್ರೆಗೆ ಅಮೋನಿಯಾ ಬೆರೆತ ದ್ರಾವಣವನ್ನು ಮುಟ್ಟಿಸದಿರುವುದು ಲೇಸು, ಹುಣಿಸೆಹಣ್ಣೇ ಸಾಕು.

ಕೊಡಗಿನಿಂದ ಬಂದು ಬೆಂಗಳೂರಿನ ಈ ಬಡಾವಣೆಗಳಲ್ಲಿ ನೆಲೆಸಿದವರಿಗೆ ಕೋವಿಯು ಕೈಲುಮುಹೂರ್ತದಂದು ತೋಕ್‌ಪೂ ಮುಡಿಸಿ ಪೂಜಿಸುವ ವಸ್ತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಲ್ಲದೆ ಕೋವಿಯಿಟ್ಟುಕೊಳ್ಳಲು ಇರುವ ವಿನಾಯಿತಿಯನ್ನು ಕರ್ನಾಟಕದ ಉಚ್ಚ ನ್ಯಾಯಾಲಯವು 2021ರಲ್ಲಿ ಎತ್ತಿಹಿಡಿಯಿತು. ಕೋವಿಯಿಟ್ಟುಕೊಳ್ಳುವುದು ಬೇರೆ, ತೋಟಾ ತಯಾರಿಸುವುದು ಬೇರೆ. 1959ರ ಆಯುಧ ಕಾಯಿದೆಯ 5ನೆಯ ಪ್ರಕರಣದಂತೆ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಅಪರಾಧ.

ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ತೋಟಾಗಳು ದೊರೆತರೆ ಏನು ಮಾಡಬೇಕು? ಬಿಚ್ಚಬಾರದು, ಕಾಯಿಸಬಾರದು, ಗುಜರಿಗೆ ಹಾಕಬಾರದು. ಮಕ್ಕಳ ಕೈಗೆ ಸಿಕ್ಕದಂತೆ ಇರಿಸಿ, ಹತ್ತಿರದ ಪೋಲೀಸು ಠಾಣೆಗೆ ತಿಳಿಸುವುದೇ ವಿವೇಕ. ಹೊರಗೆ ಥಳಥಳಿಸುವ ಹಿತ್ತಾಳೆಯೊಳಗೆ ಎಷ್ಟು ಬಿಗುವು ಅಡಗಿದೆಯೋ ಕಣ್ಣಿಗೆ ಕಾಣದು.